ನಿಲೇಕಣಿ ಯಾವ ಖಾತೆಯ ಮಂತ್ರಿ?

ಪ್ರಶ್ನೆ: ಆಧಾರ್ ತಂದ ನಂದನ್ ನಿಲೇಕಣಿ ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. ಅಷ್ಟು ಬೇಗ ರಾಜಕೀಯ ಬಿಟ್ಟರೇಕೆ?

ಉತ್ತರ: ಮತ್ತೆ ಅದೇ ಪ್ರಶ್ನೆ! ಸೋಮವಾರಪೇಟೆಯಿಂದ ಒಮ್ಮೆ, ಗೋಣಿಕೊಪ್ಪದಿಂದ ಎರಡು ಸಲ, ಈಗ ಕುಶಾಲನಗರ. ದಯವಿಟ್ಟು ಇದನ್ನು ಕತ್ತರಿಸಿ ಇಟ್ಟುಕೊಳ್ಳಿ: ನಿಲೇಕಣಿ ಮಂತ್ರಿಯಾಗಿರಲಿಲ್ಲ. ಒಂದು ದಿನದ ಮಟ್ಟಿಗೂ ಇಲ್ಲ.

ಮೊನ್ನೆ ಪಡಿತರ ಅಂಗಡಿಯಲ್ಲಿ ತೋಟದ ಕೆಲಸದ ಹೆಂಗಸೊಬ್ಬರು ಕಾಫಿ ಕುಯ್ದು ಕಪ್ಪಾದ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಯಂತ್ರಕ್ಕೆ ಒತ್ತುತ್ತಿದ್ದರು. ಮೂರು ಸಲ ಒತ್ತಿದರೂ ಗುರುತು ಹತ್ತಲಿಲ್ಲ. ಹಿಂದಿನಿಂದ ಯಾರೋ, "ಇದನ್ನ ಮಾಡಿದ ಮಿನಿಸ್ಟ್ರನ್ನ ಒಂದ್ಸಲ ಕಾಫಿ ಕುಯ್ಯೋಕೆ ಕಳಿಸ್ಬೇಕು" ಅಂದರು. ನಾನು ತಿದ್ದಲು ಹೋಗಿ "ಮೇಷ್ಟ್ರೇ, ಈಗ ಬೇಕಾ ಅದು?" ಅನ್ನಿಸಿಕೊಂಡೆ. ಬೇಕು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2009ರಲ್ಲಿ ಇನ್ಫೋಸಿಸ್ ಬಿಟ್ಟು ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದಾಗ ಅವರಿಗೆ ಸಿಕ್ಕಿದ್ದು ಸಂಪುಟ ದರ್ಜೆಯ ಸ್ಥಾನಮಾನ. ದರ್ಜೆ ಬೇರೆ, ಮಂತ್ರಿಗಿರಿ ಬೇರೆ. ನಮ್ಮ ನಿಗಮ-ಮಂಡಳಿಗಳ ಅಧ್ಯಕ್ಷರಿಗೂ ಸಂಪುಟ ದರ್ಜೆ ಕೊಡುತ್ತಾರಲ್ಲ? ಕಾರು ಬರುತ್ತದೆ, ಸೆಲ್ಯೂಟು ಬೀಳುತ್ತದೆ, ಅತಿಥಿಗೃಹದಲ್ಲಿ ಒಳ್ಳೆಯ ಕೋಣೆ ಸಿಗುತ್ತದೆ. ಹಾಗೆಂದು ಅವರನ್ನು ಯಾವ ಖಾತೆಯ ಮಂತ್ರಿ ಅಂತ ಯಾರೂ ಕೇಳುವುದಿಲ್ಲ. ಮಂತ್ರಿಯಾಗಲು ಪ್ರಮಾಣವಚನ ಬೇಕು. ಸಂಸತ್ತಿನ ಹೊರಗಿನವರಾದರೆ ಆರು ತಿಂಗಳೊಳಗೆ ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು. ಸಂವಿಧಾನದ 75ನೇ ವಿಧಿ ತೆಗೆದು ನೋಡಿ. ನಿಲೇಕಣಿ ಲೋಕಸಭೆಯಲ್ಲೂ ಇರಲಿಲ್ಲ, ರಾಜ್ಯಸಭೆಯಲ್ಲೂ ಇರಲಿಲ್ಲ. ಆದರೂ ಆ ಕುರ್ಚಿಯಲ್ಲಿ ಹತ್ತಿರಹತ್ತಿರ ಐದು ವರ್ಷ ಕೂತರು. ಮಂತ್ರಿಯಾಗಿದ್ದಿದ್ದರೆ ಏಳನೇ ತಿಂಗಳಿಗೆ ಮನೆಗೆ ಹೋಗಬೇಕಿತ್ತು!

ಇನ್ನು ರಾಜಕೀಯ ಬಿಟ್ಟ ಮಾತು. ಹಿಡಿದದ್ದೇ ಎಷ್ಟು ದಿನ? 2014ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸೇರಿದರು, ಏಪ್ರಿಲ್ 17ಕ್ಕೆ ಮತದಾನ, ಮೇ 16ಕ್ಕೆ ಫಲಿತಾಂಶ. ಬೆಂಗಳೂರು ದಕ್ಷಿಣದಲ್ಲಿ 1996ರಿಂದ ಸೋಲು ಕಾಣದಿದ್ದ ಅನಂತಕುಮಾರ್ ಎದುರು 2.28 ಲಕ್ಷ ಮತಗಳಿಂದ ಸೋತರು. 2017ರಲ್ಲಿ ಮತ್ತೆ ಇನ್ಫೋಸಿಸ್‌ಗೇ ಅಧ್ಯಕ್ಷರಾಗಿ ಹೋದರು.

ಕಂಪ್ಯೂಟರಿನವರು, ಹೊಸಬರು, ಅದಕ್ಕೇ ಸೋತರು ಅನ್ನುವವರಿದ್ದಾರೆ. ಅದೇ ಚುನಾವಣೆಯಲ್ಲಿ ನಮ್ಮ ಮೈಸೂರು-ಕೊಡಗು ಕ್ಷೇತ್ರದಲ್ಲಿ ಪತ್ರಿಕೆಯಿಂದ ನೇರ ಬಂದ ಪ್ರತಾಪ ಸಿಂಹ, ಹಾಲಿ ಸಂಸದ ಎಚ್. ವಿಶ್ವನಾಥ್ ಅವರನ್ನೇ ಸೋಲಿಸಿದ್ದು ಮರೆತಿರಾ? ಅವರೇನು ಹಳಬರೇ?

ಅಂದಹಾಗೆ, ಮೈಸೂರಿನ ಜೊತೆಗಿನ ಈ ಗಂಟು ಹಳೆಯದೇನಲ್ಲ. 2009ರ ಚುನಾವಣೆಗೆ ಮುಂಚೆ ನಾವು ಕೊಡಗಿನವರು ಮಂಗಳೂರು ಲೋಕಸಭಾ ಕ್ಷೇತ್ರದ ಬಾಲದಲ್ಲಿದ್ದೆವು. ವಿಧಾನಸಭೆಗೆ ಇದ್ದ ಮೂರು ಕ್ಷೇತ್ರಗಳಲ್ಲಿ ಸೋಮವಾರಪೇಟೆ ಅಳಿಸಿಹೋಗಿ ಎರಡಾದದ್ದೂ ಕ್ಷೇತ್ರಗಳ ಅದೇ ಪುನರ್ವಿಂಗಡಣೆಯಲ್ಲಿ. 1952ರಲ್ಲಾದರೆ ಕೊಡಗೇ ಒಂದು ರಾಜ್ಯ, ಮಡಿಕೇರಿಯಲ್ಲೇ 24 ಶಾಸಕರು. ನಿಜವಾದ ಮಂತ್ರಿಗಳೇ ಬೇಕೆನ್ನುವವರಿಗೆ: ಆ ಸಂಪುಟದಲ್ಲಿದ್ದವರು ಇಬ್ಬರೇ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ ಮತ್ತು ಕೆ. ಮಲ್ಲಪ್ಪ.