ಬಿಸಿಲನ್ನು ರಾತ್ರಿಗೆ ಉಳಿಸಲು ನೀರು ಬಿಟ್ಟು ಉಪ್ಪು ಯಾಕೆ?

ಓದುಗರ ಪ್ರಶ್ನೆ: ಶಾಖ ಹಿಡಿದಿಡೋದರಲ್ಲಿ ನೀರೇ ಮೇಲು ಅಂತ ಶಾಲೆಯಲ್ಲಿ ಓದಿದ್ದೇವೆ. ಮತ್ತೆ ಸೋಲಾರ್ ಸ್ಥಾವರಗಳಲ್ಲಿ ಉಪ್ಪು ಕರಗಿಸಿ ಇಡೋದು ಯಾಕೆ?

ಶಾಲೆಯ ಪಾಠ ಸರಿಯಾಗೇ ಇದೆ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು, ಈ ಉಪ್ಪಿಗೆ 1.5 ಸಾಕು. ಆದರೆ ನೀರು 100 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಕುಕ್ಕರಿನ ಹಾಗೆ ಮುಚ್ಚಿ ಒತ್ತಡದಲ್ಲಿ ಇಡಬಹುದಲ್ವಾ ಅಂದರೆ, 300 ಡಿಗ್ರಿಯಲ್ಲಿ ಅದು ನೀರಾಗಿಯೇ ಉಳಿಯಲು ಗಾಳಿಯ ಒತ್ತಡದ ಸುಮಾರು 85 ಪಟ್ಟು ಒತ್ತಡ ಬೇಕು. ಮೂರ್ನಾಲ್ಕು ಮಹಡಿ ಎತ್ತರದ ಟ್ಯಾಂಕನ್ನು ಅಷ್ಟು ಗಟ್ಟಿಯಾಗಿ ಕಟ್ಟೋದು ವಿಪರೀತ ಖರ್ಚಿನ ಕೆಲಸ. 374 ಡಿಗ್ರಿ ದಾಟಿದ ಮೇಲಂತೂ ಎಷ್ಟು ಒತ್ತಿದರೂ ಅದು ದ್ರವವಾಗಿ ಇರೋದಿಲ್ಲ.

ಕರಗಿದ ಉಪ್ಪು 565 ಡಿಗ್ರಿಯಲ್ಲೂ ಮಾಮೂಲಿ ಒತ್ತಡದಲ್ಲೇ ನೀರಿನ ಹಾಗೆ ಹರಿಯುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಉಪ್ಪಿನ ತೂಕ ಸುಮಾರು 1.8 ಕಿಲೋ, ಅದನ್ನು 290ರಿಂದ 565 ಡಿಗ್ರಿಗೆ ಏರಿಸಿದರೆ 740 ಕಿಲೋಜೂಲ್ ಹತ್ತಿರ ಶಾಖ ಅದರೊಳಗೆ ಕೂರುತ್ತದೆ. ಒಂದು ಲೀಟರ್ ನೀರು 30ರಿಂದ 100ಕ್ಕೆ ಏರಿದರೆ ಸುಮಾರು 290 ಅಷ್ಟೇ. ಸ್ನಾನಕ್ಕೆ ಅದು ಧಾರಾಳ ಸಾಕು, ತಾರಸಿ ಮೇಲಿನ ಸೋಲಾರ್ ಹೀಟರಿಗೆ ನೀರೇ ಸರಿ. ಕರೆಂಟು ತಯಾರಿಸುವ ಟರ್ಬೈನ್ ಚೆನ್ನಾಗಿ ತಿರುಗಲು ಮಾತ್ರ 500 ಡಿಗ್ರಿ ಮೀರಿದ ಹಬೆ ಬೇಕು.

ಇದು ಅಡುಗೆ ಉಪ್ಪಲ್ಲ, ಅದು ಕರಗಲು 801 ಡಿಗ್ರಿ ಬೇಕು. ಇಲ್ಲಿರೋದು ತೂಕದಲ್ಲಿ 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪು. ಬೇರೆ ಬೇರೆ ಇದ್ದಾಗ ಇವು ಕರಗೋದು 308 ಮತ್ತು 334 ಡಿಗ್ರಿಗೆ, ಬೆರೆಸಿದರೆ ಸುಮಾರು 240ಕ್ಕೇ ಪೂರ್ತಿ ಕರಗುತ್ತವೆ! ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಸ್ಪೇನಿನ ಸೆವಿಲ್ ಪ್ರಾಂತ್ಯದಲ್ಲಿ 2011ರಲ್ಲಿ ಶುರುವಾದ ಗೆಮಾಸೋಲಾರ್ ಸ್ಥಾವರ ನಡೆಯೋದು ಹೀಗೇ. 2,650 ಕನ್ನಡಿಗಳು ಬಿಸಿಲನ್ನು ಗೋಪುರದ ತುದಿಗೆ ಎಸೆಯುತ್ತವೆ, 290 ಡಿಗ್ರಿಯ ಉಪ್ಪು ಮೇಲೆ ಹೋಗಿ 565 ಆಗಿ ಟ್ಯಾಂಕಿಗೆ ಇಳಿಯುತ್ತದೆ, ಅದರ ಶಾಖದಿಂದಲೇ ಟರ್ಬೈನಿಗೆ ಬೇಕಾದ ಹಬೆ. ಟ್ಯಾಂಕ್ ತುಂಬಿದ್ದರೆ ಬಿಸಿಲಿಲ್ಲದೆ 15 ಗಂಟೆ ಕರೆಂಟು.

ತೊಂದರೆ ಇಲ್ಲದಿಲ್ಲ. 600 ಡಿಗ್ರಿಯ ಹತ್ತಿರ ಹೋದರೆ ಉಪ್ಪು ಒಡೆದು ಕೆಡುತ್ತದೆ, 240ಕ್ಕಿಂತ ಕೆಳಗಿಳಿದರೆ ಗಟ್ಟಿ ಕಟ್ಟುತ್ತದೆ. ದೊಡ್ಡ ಟ್ಯಾಂಕು ದಿನಕ್ಕೆ ಒಂದೆರಡು ಡಿಗ್ರಿ ತಣ್ಣಗಾದರೆ ಹೆಚ್ಚು, ಭಯ ಇರೋದು ಸಣ್ಣ ಪೈಪುಗಳದ್ದು. ಅದಕ್ಕೇ ಅವುಗಳ ಉದ್ದಕ್ಕೂ ಹೀಟರ್ ತಂತಿ ಸುತ್ತಿರುತ್ತಾರೆ, ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಗೋಪುರದ ತುದಿಯ ಕೊಳವೆಗಳಲ್ಲಿರುವ ಉಪ್ಪನ್ನೆಲ್ಲ ಕೆಳಗಿನ ಟ್ಯಾಂಕಿಗೆ ಇಳಿಸಿ ಖಾಲಿ ಮಾಡುತ್ತಾರೆ.