ಗಿಡದ ಬುಡದಲ್ಲಿ ಹುಟ್ಟಿದ ಗುಳಿಗೆ

ಮಧುಮೇಹಕ್ಕೆ ಇಂದು ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಗುಳಿಗೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ, ನಾವು ಗ್ಯಾಲಿಗಾ ಎಂಬ ಗಿಡದ ಬುಡಕ್ಕೆ ಬಂದು ನಿಲ್ಲುತ್ತೇವೆ. ಯುರೋಪಿನ ನಾಟಿ ವೈದ್ಯದಲ್ಲಿ ಬಳಕೆಯಲ್ಲಿದ್ದ ಈ ಗಿಡದ ಗ್ಯಾಲಿಗೀನ್ ಎಂಬ ವಸ್ತು ರಕ್ತದ ಸಕ್ಕರೆಯನ್ನು ಇಳಿಸುತ್ತಿತ್ತಾದರೂ, ಮೇಯ್ದ ಕುರಿಗಳನ್ನು ಕೊಲ್ಲುವಷ್ಟು ವಿಷವೂ ಅದರಲ್ಲಿತ್ತು. ಅದರ ರಾಸಾಯನಿಕ ದಾಯಾದಿಯಾದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟೆರ್ನ್ ರೋಗಿಗಳಲ್ಲಿ ಅದರ ಪರಿಣಾಮವನ್ನು ಪ್ರಕಟಿಸಿದರು. ಹೀಗಿರುವಾಗ ಮೂಲಿಕೆಯನ್ನೂ ಗುಳಿಗೆಯನ್ನೂ ಹಗೆಗಳಂತೆ ಎದುರುಬದುರು ನಿಲ್ಲಿಸುವ ವಾದ ನನಗೆ ಹುರುಳಿಲ್ಲದ್ದಾಗಿ ಕಾಣುತ್ತದೆ. ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ದೇಹದ ಯಾವ ಭಾಗದಲ್ಲಿ ಕೆಲಸ ಮಾಡುತ್ತದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮೆಂತ್ಯದ ವಿಷಯದಲ್ಲಿ ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟ ಉತ್ತರವಿದೆ. ನೆನೆದ ಕಾಳಿನ ಸುತ್ತ ಕಾಣುವ ಲೋಳೆ ಗ್ಯಾಲಕ್ಟೊಮ್ಯಾನನ್ ಎಂಬ ಕರಗುವ ನಾರಿನದು. ಅದು ಕರುಳಿನಲ್ಲಿ ಆಹಾರವನ್ನು ಮಂದಗೊಳಿಸಿ ಗ್ಲೂಕೋಸ್ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಇಸಬ್ಗೋಲ್ ಕೂಡ ಹೆಚ್ಚುಕಡಿಮೆ ಹೀಗೆಯೇ. ಆದ್ದರಿಂದ ಊಟದೊಡನೆ ಸೇವಿಸಿದಾಗಲೇ ಅವುಗಳ ಪ್ರಯೋಜನ ಹೆಚ್ಚು. ಆದರೆ ಅದೇ ಲೋಳೆ ಜೊತೆಗೆ ನುಂಗಿದ ಮಾತ್ರೆಯನ್ನೂ ತಡೆದು ನಿಲ್ಲಿಸಬಲ್ಲದಾದ್ದರಿಂದ ಎರಡರ ನಡುವೆ ಬಿಡುವಿರಬೇಕು.

ಮಧುನಾಶಿನಿ ಬಳ್ಳಿಯ ಎಲೆ ಅಗಿದವರಿಗೆ ಸಕ್ಕರೆ ಮರಳಿನಂತೆ ರುಚಿಗೆಡುವುದು ನಿಜ, ಏಕೆಂದರೆ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಾಹಕಗಳನ್ನು ಕೆಲಕಾಲ ಮುಚ್ಚಿಬಿಡುತ್ತದೆ. ನಾಲಿಗೆಗೆ ಸಿಹಿ ತಿಳಿಯದಿದ್ದ ಮಾತ್ರಕ್ಕೆ ರಕ್ತದಲ್ಲಿ ಸಕ್ಕರೆ ಇಳಿದಂತಾಗುವುದಿಲ್ಲ. ಹಾಗಲಕಾಯಿಯ ಬಗೆಗೆ ಮನುಷ್ಯರಲ್ಲಿ ನಡೆದ ಪ್ರಯೋಗಗಳು ಒಂದೇ ಬಗೆಯ ಫಲ ತೋರಿಲ್ಲ. ಕಹಿ ತಿಂದರೆ ಸಿಹಿ ಕರಗುತ್ತದೆಂಬುದು ಕೇಳಲು ಸೊಗಸಾದ ತರ್ಕ, ಅಷ್ಟೆ. ಸಕ್ಕರೆ ಇಳಿಸಲೆಂದು ಕೆಲವರು ಸೇವಿಸುವ ದಾಲ್ಚಿನ್ನಿಯ ವಿಷಯದಲ್ಲೂ ಎಚ್ಚರ ಬೇಕು: ಅದರ ಕ್ಯಾಸಿಯಾ ಜಾತಿಯಲ್ಲಿರುವ ಕೂಮರಿನ್ ಎಂಬ ವಸ್ತು ಅತಿಯಾದರೆ ಯಕೃತ್ತಿಗೆ ಹಾನಿ.

ಮೊದಲನೆಯ ಬಗೆಯ (ಟೈಪ್ 1) ಮಧುಮೇಹದಲ್ಲಿ ಇನ್ಸುಲಿನ್ನಿನ ಜಾಗವನ್ನು ಯಾವ ಮೂಲಿಕೆಯೂ ತುಂಬಲಾರದು; ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣಾಪಾಯ ಒದಗುತ್ತದೆ. ಎರಡನೆಯ ಬಗೆಯಲ್ಲಿ (ಟೈಪ್ 2), ಇನ್ಸುಲಿನ್ ಅಥವಾ ದೇಹ ಹೆಚ್ಚು ಇನ್ಸುಲಿನ್ ಸ್ರವಿಸುವಂತೆ ಮಾಡುವ ಸಲ್ಫೊನಿಲ್‌ಯೂರಿಯಾ ಗುಂಪಿನ ಮಾತ್ರೆಯ ಜೊತೆ ಮೂಲಿಕೆಯೂ ಸೇರಿದಾಗ ಸಕ್ಕರೆ ಅತಿಯಾಗಿ ಕುಸಿದು ಬೆವರು, ನಡುಕ, ಗಲಿಬಿಲಿ ಕಾಣಿಸಬಹುದು. ವೈದ್ಯರಿಗೆ ಮೊದಲೇ ತಿಳಿಸಿದ್ದರೆ ಅವರು ಮಾತ್ರೆಯ ಪ್ರಮಾಣವನ್ನು ಹೊಂದಿಸುತ್ತಾರೆ. ಇನ್ನು, ಅಪ್ಪಟ ಗಿಡಮೂಲಿಕೆಯೆಂದು ಮಾರುವ ಪುಡಿ ಎರಡೇ ದಿನಗಳಲ್ಲಿ ಸಕ್ಕರೆಯನ್ನು ಸರ್ರನೆ ಇಳಿಸಿದರೆ ಹಿಗ್ಗುವ ಮೊದಲು ಅನುಮಾನಿಸಬೇಕು: ಅಂಥ ಕೆಲವು ಪುಡಿಗಳನ್ನು ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಗುಟ್ಟಾಗಿ ಬೆರೆಸಿದ ಗ್ಲಿಬೆನ್‌ಕ್ಲಮೈಡ್ ಎಂಬ ಮಾತ್ರೆಯ ಮದ್ದು.