ಪಕ್ಷೇತರರನ್ನು ಗೆಲ್ಲಿಸಿದ ಮೇಲೆ ಏನಾಗುತ್ತದೆ?

ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ 1996ರಿಂದ 2024ರವರೆಗೆ ಎಂಟು ಸಾರ್ವತ್ರಿಕ ಚುನಾವಣೆ ನಡೆದವು. ಗೆದ್ದದ್ದು ಎರಡೇ ಮನೆತನ. ಜಿ. ಮಲ್ಲಿಕಾರ್ಜುನಪ್ಪ ಎರಡು ಸಲ, ಅವರ ಮಗ ಜಿ.ಎಂ. ಸಿದ್ದೇಶ್ವರ ನಾಲ್ಕು ಸಲ. 1998ರಲ್ಲಿ ಶಾಮನೂರು ಶಿವಶಂಕರಪ್ಪ, 2024ರಲ್ಲಿ ಅವರ ಸೊಸೆ ಪ್ರಭಾ ಮಲ್ಲಿಕಾರ್ಜುನ್. ಪ್ರಭಾ ಅವರ ಎದುರಾಳಿ ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ.

ಊರು ಮೊದಲಿನಿಂದ ಹೀಗಿರಲಿಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ, 1978, 1983 ಮತ್ತು 1985ರಲ್ಲಿ, ದಾವಣಗೆರೆ ವಿಧಾನಸಭೆಗೆ ಕಳಿಸಿದ್ದು ಸಿಪಿಐನ ಕಾರ್ಮಿಕ ಮುಖಂಡ ಪಂಪಾಪತಿ ಅವರನ್ನು. ಅದಕ್ಕೂ ಮೊದಲು, 1962ರಲ್ಲಿ, ಹೊಸದುರ್ಗದ ಮತದಾರರು ಎಸ್. ನಿಜಲಿಂಗಪ್ಪನವರಂಥವರನ್ನೇ ಸೋಲಿಸಿದ್ದರು. ದೊಡ್ಡವರಿಗೆ ಬುದ್ಧಿ ಕಲಿಸುವುದು ಈ ಭಾಗಕ್ಕೆ ಹೊಸದಲ್ಲ.

ಪಕ್ಷಗಳು ಇದನ್ನು ಬೇಗ ಅರ್ಥಮಾಡಿಕೊಂಡವು. ಚಿತ್ರದುರ್ಗದಿಂದ 1999ರಲ್ಲಿ ನಟ ಶಶಿಕುಮಾರ್, 2009ರಲ್ಲಿ ಎಂಜಿನಿಯರ್ ಜನಾರ್ದನ ಸ್ವಾಮಿ ಸಂಸದರಾದರು. ಹೊಸ ಮುಖ, ಹಳೆಯ ಚಿಹ್ನೆ.

ಪಕ್ಷವೇ ಇಲ್ಲದೆ ನಿಲ್ಲುವವರ ದಾರಿ ಬೇರೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಸಹಿ ಹಾಕಲು ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಮತದಾರರ ಪಟ್ಟಿಯ ಉಚಿತ ಪ್ರತಿಯೂ ಮಾನ್ಯ ಪಕ್ಷದವರಿಗಷ್ಟೇ. ಚಿಹ್ನೆ ಸಿಗುವುದು ನಾಮಪತ್ರ ವಾಪಸಾತಿ ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಎರಡು ವಾರದಷ್ಟು. ಅಷ್ಟರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳ ಹಳ್ಳಿಹಳ್ಳಿಗೂ ಆ ಚಿತ್ರ ಮುಟ್ಟಬೇಕು. ಮತಯಂತ್ರದಲ್ಲಿ ಹೆಸರು ಬರುವುದೂ ಪಕ್ಷಗಳವರೆಲ್ಲ ಮುಗಿದ ನಂತರ. 2024ರಲ್ಲಿ ಅಭ್ಯರ್ಥಿಯ ಖರ್ಚಿಗೆ 95 ಲಕ್ಷ ರೂಪಾಯಿ ಮಿತಿಯಿತ್ತು, ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಇದು ಸಮಬಲದ ಕುಸ್ತಿಯಲ್ಲ.

ಆ ವರ್ಷ ಐಎಎಸ್ ತರಬೇತಿ ಕೇಂದ್ರ ನಡೆಸುವ ಜಿ.ಬಿ. ವಿನಯ್ ಕುಮಾರ್ ಕಾಂಗ್ರೆಸ್ ಟಿಕೆಟ್ ಸಿಗದೆ ದಾವಣಗೆರೆಯಲ್ಲಿ ಪಕ್ಷೇತರರಾಗಿ ನಿಂತು ಸುಮಾರು 43 ಸಾವಿರ ಮತ ಪಡೆದರು. ಗೆಲುವಿನ ಅಂತರ 26 ಸಾವಿರ ಚಿಲ್ಲರೆ. ಆದರೆ 25 ಸಾವಿರ ರೂಪಾಯಿ ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಪಾಲು ದಾಟಬೇಕು. ಇಲ್ಲಿ ಅದು ಎರಡು ಲಕ್ಷಕ್ಕೂ ಮೇಲೆ.

ಹಾಗೆಂದು ಪಕ್ಷೇತರರು ಗೆಲ್ಲುವುದೇ ಇಲ್ಲವೆಂದಲ್ಲ. 2008ರ ವಿಧಾನಸಭಾ ಚುನಾವಣೆಯಲ್ಲಿ ಚಿತ್ರದುರ್ಗ ಜಿಲ್ಲೆಯೊಂದರಲ್ಲೇ ಇಬ್ಬರು ಗೆದ್ದರು: ಹೊಸದುರ್ಗದಲ್ಲಿ ಗೂಳಿಹಟ್ಟಿ ಶೇಖರ್, ಹಿರಿಯೂರಿನಲ್ಲಿ ಡಿ. ಸುಧಾಕರ್. ಬಿಜೆಪಿಗೆ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಡಿಮೆಯಾಗಿತ್ತು. ಬೆಂಬಲ ಕೊಟ್ಟು ಇಬ್ಬರೂ ಮಂತ್ರಿಗಳಾದರು. 2010ರಲ್ಲಿ ಬೆಂಬಲ ಹಿಂಪಡೆದಾಗ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು. ಸಂವಿಧಾನದ ಹತ್ತನೇ ಅನುಸೂಚಿಯಂತೆ ಪಕ್ಷೇತರರಾಗಿ ಗೆದ್ದವರು ಯಾವ ಪಕ್ಷ ಸೇರಿದರೂ ಸ್ಥಾನ ಹೋಗುತ್ತದೆ. ಸರ್ಕಾರ ಸೇರಿದ್ದೆಂದರೆ ಪಕ್ಷ ಸೇರಿದಂತೆಯೇ ಎಂಬುದು ತಕರಾರು. ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದುಮಾಡಿತು. ಅಂದರೆ ಪಕ್ಷದ ಸದಸ್ಯತ್ವ ಪಡೆಯದೆ ಮಂತ್ರಿಗಿರಿ ಮಾಡಬಹುದು. ಪಕ್ಷಗಳ ಮೇಲಿನ ಕೋಪಕ್ಕೆ ಹಾಕಿದ ಮತ ಮತ್ತೆ ಪಕ್ಷದ ಲೆಕ್ಕಕ್ಕೇ ಜಮೆಯಾಗುವುದು ಈ ಸಂದಿಯಲ್ಲಿ.

ಇನ್ನೊಂದು ಮಾತು: ಪಕ್ಷೇತರರೆಲ್ಲ ಹೊಸಬರಲ್ಲ. 2023ರಲ್ಲಿ ಜಗಳೂರಿನಲ್ಲಿ ಪಕ್ಷೇತರರಾಗಿ 49 ಸಾವಿರಕ್ಕೂ ಹೆಚ್ಚು ಮತ ಪಡೆದ ಎಚ್.ಪಿ. ರಾಜೇಶ್ ಕಾಂಗ್ರೆಸ್ಸಿನ ಮಾಜಿ ಶಾಸಕ. ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಗೆದ್ದ ಲತಾ ಮಲ್ಲಿಕಾರ್ಜುನ್, ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು. ಅದೇ ಜಗಳೂರಿನಲ್ಲಿ 874 ಮತಗಳಿಂದ ಗೆದ್ದ ಬಿ. ದೇವೇಂದ್ರಪ್ಪ ಹಿಂದೆ ಶಾಲೆಯಲ್ಲಿ ಜವಾನರಾಗಿ ದುಡಿದವರು. ಅವರು ನಿಂತದ್ದು ಕಾಂಗ್ರೆಸ್ ಟಿಕೆಟ್ಟಿನಲ್ಲಿ.